ಫೀಸು ಯಾರು ಕಟ್ಟುತ್ತಾರೆ? ಬೆಂಗಳೂರಿನಲ್ಲಿ ಟ್ರಸ್ಟ್ ಶಾಲೆ, ಅನುದಾನಿತ ಶಾಲೆ, ಸರ್ಕಾರಿ ಶಾಲೆ: ಯಾವುದು ಯಾರಿಗೆ

ನಮ್ಮ ಬೀದಿ ಮೂಲೆಯ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿ ಇಟ್ಟಿರುವ ಹೆಣ್ಣುಮಗಳು ಒಂದು ದಿನ ಬಟ್ಟೆ ಗಂಟಿನ ಜೊತೆ ಒಂದು ಚೀಟಿಯನ್ನೂ ಕೈಗಿಟ್ಟಳು. ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು. ಮಗ ಐದನೇ ಕ್ಲಾಸು ಮುಗಿಸುತ್ತಿದ್ದಾನೆ. ಹತ್ತಿರದ ಒಂದು ಶಾಲೆಗೆ ಹೋಗಿ ವಿಚಾರಿಸಿದ್ದಕ್ಕೆ ಆಫೀಸಿನವರು ಮಗಳ ಖರ್ಚನ್ನು ಪೆನ್ನಿನಲ್ಲಿ ಬರೆದುಕೊಟ್ಟಿದ್ದರು. ಟ್ಯೂಷನ್ ಫೀಸ್ 24,000. ಪುಸ್ತಕ 5,500. ಯೂನಿಫಾರ್ಮು 3,000. ವ್ಯಾನು 9,000. ಕೊನೆಗೆ 'ಡೆವಲಪ್‌ಮೆಂಟ್' ಅಂತ 2,000. ಕೂಡಿಸಿರಲಿಲ್ಲ. ಬೇಕಂತಲೇ ಕೂಡಿಸಿರಲಿಲ್ಲ ಅಂತ ನನ್ನ ಅನುಮಾನ.

"ಮೇಡಂ, ಬೋರ್ಡಲ್ಲಿ ಚಾರಿಟಬಲ್ ಟ್ರಸ್ಟ್ ಅಂತ ಬರ್ದಿದೆ. ಟ್ರಸ್ಟ್ ಅಂದ್ರೆ ಧರ್ಮಕ್ಕೆ ನಡ್ಸೋದು ಅಲ್ವಾ?"

ಕೂಡಿಸಿ ಹೇಳಿದೆ, 43,500. ಆಕೆ ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಕೆದಕುತ್ತಾ ಸುಮ್ಮನೆ ನಿಂತಳು.

ಅವಳ ಪ್ರಶ್ನೆ ಚೆನ್ನಾಗಿಯೇ ಇತ್ತು. ಕರ್ನಾಟಕದಲ್ಲಿ ಖಾಸಗಿ ಶಾಲೆಗೆ ಮಾನ್ಯತೆ ಬೇಕೆಂದರೆ ಅದನ್ನು ನಡೆಸುವುದು ಟ್ರಸ್ಟೋ, ಸೊಸೈಟಿಯೋ, ಲಾಭಕ್ಕಲ್ಲದ ಕಂಪನಿಯೋ ಆಗಿರಲೇಬೇಕು. ಅಂದರೆ ಈಜುಕೊಳ ಇರುವ ಶಾಲೆಯೂ ಟ್ರಸ್ಟಿನದೇ, ತಗಡಿನ ಶೀಟಿನ ಕೆಳಗೆ ನಡೆಯುವ ಶಾಲೆಯೂ ಟ್ರಸ್ಟಿನದೇ. 2002ರ ಟಿ.ಎಂ.ಎ. ಪೈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣ ಸಂಸ್ಥೆಗಳು ಲಾಭಕೋರತನ ಮಾಡಬಾರದು ಎಂದಿತು. ಬೆಳವಣಿಗೆಗೆ ಬೇಕಾದಷ್ಟು ನ್ಯಾಯವಾದ ಉಳಿತಾಯ ಮಾಡಿಕೊಳ್ಳಬಹುದು ಅಂತಲೂ ಹೇಳಿತು. ಆ ಉಳಿತಾಯದ ಬಾಗಿಲಲ್ಲಿ ಏನೇನು ನುಗ್ಗಿ ಬಂತು ಅನ್ನೋದು ನಗರದಲ್ಲಿ ಮಕ್ಕಳನ್ನು ಓದಿಸುವವರಿಗೆಲ್ಲ ಗೊತ್ತು.

ಹಾಗಾಗಿ ಶಾಲೆ ಹುಡುಕುವಾಗ ಬೋರ್ಡು ಓದಿ ಪ್ರಯೋಜನವಿಲ್ಲ. ನಾನು ಎರಡು ವಿಷಯ ಕೇಳುತ್ತೇನೆ. ಮೇಷ್ಟ್ರ ಸಂಬಳ ಯಾರ ಜೇಬಿನಿಂದ ಬರುತ್ತದೆ? ಆ ದುಡ್ಡು ಎಷ್ಟನೇ ಕ್ಲಾಸಿನವರೆಗೆ ನಮ್ಮ ಮಗುವಿನ ಜೊತೆ ಬರುತ್ತದೆ? ಈ ಎರಡಕ್ಕೆ ಸಿಗುವ ಉತ್ತರದಲ್ಲೇ ಶಾಲೆಗಳು ಬೇರೆ ಬೇರೆ ಗುಂಪಾಗಿ ನಿಲ್ಲುತ್ತವೆ.

ದಾನಿಗಳ ದುಡ್ಡಿನಲ್ಲಿ ನಡೆಯುವ ಶಾಲೆಗಳು

ಇಸ್ತ್ರಿ ಗಾಡಿಯಾಕೆ ಟ್ರಸ್ಟ್ ಅಂದಾಗ ಮನಸ್ಸಿನಲ್ಲಿ ಇದ್ದದ್ದು ಇದೇ ತರಹದ ಶಾಲೆ. ಬೆಂಗಳೂರಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಪರಿಕ್ರಮ ಹ್ಯುಮ್ಯಾನಿಟಿ ಫೌಂಡೇಷನ್. ದೊಡ್ಡ ಕಂಪನಿಯ ಕೆಲಸ ಬಿಟ್ಟು ಬಂದ ಶುಕ್ಲಾ ಬೋಸ್ 2003ರಲ್ಲಿ ಶುರು ಮಾಡಿದ್ದು. ಮೊದಲ ಶಾಲೆ ನಡೆದದ್ದು ಒಂದು ಕಟ್ಟಡದ ತಾರಸಿಯ ಮೇಲೆ, ಅರ್ಧಕ್ಕೆ ತಗಡು ಹೊದಿಸಿಕೊಂಡು, 165 ಮಕ್ಕಳಿಂದ. ಈಗ ಜಯನಗರ, ಕೋರಮಂಗಲ, ಸಹಕಾರನಗರ, ನಂದಿನಿ ಲೇಔಟ್ ಕಡೆ ಶಾಲೆಗಳಿವೆ, ಒಂದು ಪಿಯು ಕಾಲೇಜೂ ಇದೆ. ಮಾಧ್ಯಮ ಇಂಗ್ಲಿಷ್. ಕೊಳೆಗೇರಿಗಳ ಮಕ್ಕಳು, ಅನಾಥಾಲಯದ ಮಕ್ಕಳು, ಇಂಥವರಿಗೇ ಸೀಟು.

ಇಲ್ಲಿ ಪಾಠಕ್ಕಿಂತ ಜಾಸ್ತಿ ಗಮನಿಸಬೇಕಾದದ್ದು ಪಾಠದ ಸುತ್ತಲಿನದು. ಮಗುವಿಗೆ ಊಟ, ಆರೋಗ್ಯ ತಪಾಸಣೆ, ಮನೆಯವರ ಜೊತೆ ಮಾತುಕತೆ, ಹತ್ತನೇ ಕ್ಲಾಸು ಆದ ಮೇಲೆ ಕಾಲೇಜು, ಆಮೇಲೆ ಕೆಲಸ ಸಿಗುವವರೆಗೂ ಬೆನ್ನಿಗೆ ನಿಲ್ಲುವುದು. ಬಡವರ ಮನೆಯ ಮಕ್ಕಳು ಶಾಲೆ ಬಿಡುವುದು ಲೆಕ್ಕ ಬಾರದೆ ಅಲ್ಲ. ಅಪ್ಪ ಕುಡಿದು ಮಲಗಿದ್ದಕ್ಕೆ ಬಿಡುತ್ತಾರೆ. ಅಮ್ಮನಿಗೆ ಜ್ವರ ಬಂದು ತಮ್ಮನನ್ನು ನೋಡಿಕೊಳ್ಳಬೇಕಾದ್ದಕ್ಕೆ ಬಿಡುತ್ತಾರೆ. ಬಾಡಿಗೆ ಕಟ್ಟಲಾರದೆ ರಾತ್ರೋರಾತ್ರಿ ಮನೆ ಬದಲಾಯಿಸಿದ್ದಕ್ಕೆ ಬಿಡುತ್ತಾರೆ. ಇದನ್ನು ಶಾಲೆಯ ಕೆಲಸ ಅಂತಲೇ ತಿಳಿದು ನಡೆಸುವ ಸಂಸ್ಥೆ ಸಿಕ್ಕರೆ ಅದು ಪುಣ್ಯ.

ಹಾಗಂತ ಕಣ್ಣುಮುಚ್ಚಿ ಓಡಬೇಡಿ. ಮೊದಲನೆಯದಾಗಿ ಸೀಟು ಬಹಳ ಕಡಿಮೆ. ಸಾಮಾನ್ಯವಾಗಿ ಎಲ್‌ಕೆಜಿ, ಯುಕೆಜಿ ಹೊತ್ತಿಗೇ ತೆಗೆದುಕೊಳ್ಳುತ್ತಾರೆ. ಐದೋ ಆರೋ ಕ್ಲಾಸಿಗೆ ನಡುವೆ ಸೇರಿಸುವುದು ಅಪರೂಪ. ಆದಾಯ ಎಷ್ಟು, ಎಲ್ಲಿ ವಾಸ ಅಂತ ಮನೆಗೇ ಬಂದು ನೋಡುವುದೂ ಉಂಟು. ಬಂದವರಿಗೆ ನಮ್ಮ ಕಷ್ಟ ತೆರೆದು ತೋರಿಸಬೇಕು. ಕೆಲವರಿಗೆ ಅದು ಕಷ್ಟಕ್ಕಿಂತ ದೊಡ್ಡ ಕಷ್ಟ.

ಎರಡನೆಯದು ಯಾರೂ ಬಾಯಿಬಿಟ್ಟು ಹೇಳದ ವಿಷಯ. ಫೀಸು ಕಟ್ಟದ ಶಾಲೆಯಲ್ಲಿ ಪ್ರಶ್ನೆ ಕೇಳಲು ನಮಗೆ ಬಾಯಿ ಬರುವುದಿಲ್ಲ. ಮಗು ಸಪ್ಪಗೆ ಬಂದರೂ 'ಪಾಪ, ಅವರು ಇಷ್ಟೆಲ್ಲ ಮಾಡ್ತಿದ್ದಾರೆ' ಅಂತ ಸುಮ್ಮನಾಗುತ್ತೇವೆ. ಒಳ್ಳೆಯ ಸಂಸ್ಥೆ ಈ ಹಿಂಜರಿಕೆಯನ್ನು ತಾನೇ ಮುರಿಯುತ್ತದೆ. ಪೋಷಕರ ಸಭೆಗೆ ಹೋದಾಗ ಅಲ್ಲಿ ಅಮ್ಮಂದಿರು ಮಾತಾಡುತ್ತಿದ್ದಾರಾ, ಬರೀ ಕೈಮುಗಿಯುತ್ತಿದ್ದಾರಾ ಅಂತ ನೋಡಿದರೆ ಗೊತ್ತಾಗಿಬಿಡುತ್ತದೆ.

ಮೂರನೆಯದು ಫೋಟೋ. ದಾನಿಗಳು ಬಂದಾಗಲೆಲ್ಲ ಮಕ್ಕಳು ಹಾಡಬೇಕು, ಕುಣಿಯಬೇಕು, ತಮ್ಮ ಮನೆಯ ಕಥೆ ಹೇಳಬೇಕು ಅನ್ನುವ ಶಾಲೆಗಳೂ ಇವೆ. ಮಗುವಿನ ಫೋಟೋ, ಹೆಸರು, ಮನೆಯ ಕಷ್ಟ ಎಲ್ಲೆಲ್ಲಿ ಹಾಕುತ್ತೀರಿ ಅಂತ ಸೇರಿಸುವ ದಿನವೇ ಕೇಳಬೇಕು. ಕೇಳುವ ಹಕ್ಕು ನಮಗಿದೆ.

ಇನ್ನೊಂದು ಪ್ರಶ್ನೆ: ದಾನ ನಿಂತರೆ? ದಾನದ ಮೇಲೆ ನಿಂತ ಶಾಲೆಗೆ ಈ ಭಯ ಇದ್ದೇ ಇರುತ್ತದೆ. ಹತ್ತಾರು ವರ್ಷ ನಡೆದ ಸಂಸ್ಥೆ, ತನ್ನ ವರ್ಷದ ಲೆಕ್ಕಪತ್ರವನ್ನು ಎಲ್ಲರಿಗೂ ಕಾಣುವಂತೆ ಇಡುವ ಸಂಸ್ಥೆ ಆದರೆ ಅರ್ಧ ಭಯ ಕಡಿಮೆ. ಹೋದ ವರ್ಷ ಶುರುವಾದದ್ದು, ಒಬ್ಬನೇ ಶ್ರೀಮಂತನ ಜೇಬಿನ ಮೇಲೆ ನಿಂತದ್ದು ಆದರೆ ನಾನಾದರೆ ಇನ್ನೆರಡು ವರ್ಷ ಕಾದು ನೋಡುತ್ತೇನೆ.

ಹಾಸ್ಟೆಲಿನಲ್ಲಿ ಇಟ್ಟುಕೊಂಡು ಓದಿಸುವ ಸಂಸ್ಥೆಗಳೂ ಇವೆ. ಹೊಸೂರಿನ ಆಚೆ ಬಾಲಿಗಾನಪಲ್ಲಿಯಲ್ಲಿ 1997ರಲ್ಲಿ ಶುರುವಾದ ಶಾಂತಿಭವನ ಅಂಥದ್ದು. ಅಲ್ಲಿ ಒಂದು ಮನೆಯಿಂದ ಒಂದೇ ಮಗು. ನಾಲ್ಕೈದು ವರ್ಷದ ಕೂಸನ್ನು ಬಿಟ್ಟಿರುವ ಗಟ್ಟಿತನ ಎಲ್ಲ ತಾಯಂದಿರಿಗೂ ಇರಬೇಕು ಅಂತೇನೂ ಇಲ್ಲ. ಇಸ್ತ್ರಿ ಗಾಡಿಯಾಕೆ ನಾನು ಹೇಳಿ ಮುಗಿಸುವ ಮೊದಲೇ ತಲೆ ಆಡಿಸಿಬಿಟ್ಟಳು.

ಹಳೆಯ ಸೊಸೈಟಿಗಳ ಅನುದಾನಿತ ಶಾಲೆಗಳು

ಬಸವನಗುಡಿ ಕಡೆ ಬಂದರೆ ಇನ್ನೊಂದು ತರಹದ ಧರ್ಮ ಕಾಣುತ್ತದೆ. ನ್ಯಾಷನಲ್ ಹೈಸ್ಕೂಲು ಶುರುವಾದದ್ದು 1917ರಲ್ಲಿ, ಅನಿಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಗಾಳಿ ಬೀಸುತ್ತಿದ್ದ ಕಾಲದಲ್ಲಿ. ಗೌರಿಬಿದನೂರಿನ ಹತ್ತಿರದ ಹೊಸೂರಿನಿಂದ ಬಸ್ಸಿಗೆ ದುಡ್ಡಿಲ್ಲದೆ ನಡೆದುಕೊಂಡೇ ಬೆಂಗಳೂರಿಗೆ ಬಂದು ಇದೇ ಶಾಲೆ ಸೇರಿದ ಹುಡುಗ ಎಚ್. ನರಸಿಂಹಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಕೊನೆಯವರೆಗೂ ನ್ಯಾಷನಲ್ ಕಾಲೇಜಿನ ಹಾಸ್ಟೆಲಿನ ಕೋಣೆಯಲ್ಲೇ ಇದ್ದರು. ಆ ಕಾಲದ ಸೊಸೈಟಿಗಳಿಗೆ ಊರಿನವರೇ ಚಂದಾ ಎತ್ತಿಕೊಟ್ಟದ್ದು ಉಂಟು, ಜಾಗ ಬಿಟ್ಟುಕೊಟ್ಟದ್ದು ಉಂಟು.

ಅನುದಾನಿತ ಅಂದರೆ ಕಟ್ಟಡ, ಆಡಳಿತ ಸಂಸ್ಥೆಯದು. ಮೇಷ್ಟ್ರ ಸಂಬಳ ಸರ್ಕಾರದ್ದು. ಫೀಸು ಕಡಿಮೆ. ಸರ್ಕಾರದ ಪಠ್ಯಪುಸ್ತಕವೂ ಬಿಸಿಯೂಟವೂ ಸಿಗುತ್ತವೆ. ಯೂನಿಫಾರ್ಮು ಮಾತ್ರ ಸರ್ಕಾರಿ ಶಾಲೆಗಷ್ಟೇ, ಇಲ್ಲಿ ನಾವೇ ಹೊಲಿಸಬೇಕು.

ಇವುಗಳ ಕಾಯಿಲೆ ಬೇರೆ. ಹಳೆಯ ಮೇಷ್ಟ್ರು ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಸರ್ಕಾರದ ಒಪ್ಪಿಗೆ ಬರುವುದು ವರ್ಷಗಟ್ಟಲೆ ತಡ. ಆ ಖಾಲಿ ಕುರ್ಚಿಗೆ ಸಂಸ್ಥೆ ತನ್ನ ದುಡ್ಡಿನಲ್ಲಿ ಕಡಿಮೆ ಸಂಬಳದ ಅತಿಥಿ ಶಿಕ್ಷಕರನ್ನು ಕೂರಿಸುತ್ತದೆ, ಅಥವಾ ಕೂರಿಸುವುದಿಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಗಣಿತಕ್ಕೆ, ವಿಜ್ಞಾನಕ್ಕೆ, ಇಂಗ್ಲಿಷಿಗೆ ಕಾಯಂ ಮೇಷ್ಟ್ರು ಇದ್ದಾರಾ? ಉತ್ತರಕ್ಕೆ ಹೆಡ್‌ಮಾಸ್ಟರು ಮೇಲೆ ನೋಡಿದರೆ ನಮಸ್ಕಾರ ಹೇಳಿ ಬನ್ನಿ.

ಒಂದೇ ಕಾಂಪೌಂಡಿನಲ್ಲಿ ಒಂದೇ ಸಂಸ್ಥೆಯ ಅನುದಾನಿತ ಕನ್ನಡ ವಿಭಾಗವೂ ಅನುದಾನರಹಿತ ಇಂಗ್ಲಿಷ್ ವಿಭಾಗವೂ ಇರುವುದು ಸಾಮಾನ್ಯ. ಗೇಟು ಒಂದೇ, ಫೀಸು ಎರಡು. ಕೌಂಟರಿನಲ್ಲಿ ಯಾವ ವಿಭಾಗದ ಫೀಸು ಹೇಳುತ್ತಿದ್ದಾರೆ ಅಂತ ಖಚಿತ ಮಾಡಿಕೊಳ್ಳಿ. ನಾವು ಹೋದ ಒಂದು ಕಡೆ ಕನ್ನಡ ವಿಭಾಗ ಇದೆ ಅನ್ನುವುದನ್ನೇ ಗುಮಾಸ್ತರು ಹೇಳಲಿಲ್ಲ. ಹೊರಗೆ ಕಸ ಗುಡಿಸುತ್ತಿದ್ದ ಆಯಾ ಹೇಳಿದರು.

ಸರ್ಕಾರಿ ಶಾಲೆ

ಇದನ್ನು ಎಲ್ಲರೂ ಕೊನೆಗೆ ನೋಡುತ್ತಾರೆ. ಮೊದಲು ನೋಡಿ ಅನ್ನುವವಳು ನಾನು. ಬೆಂಗಳೂರಿನಲ್ಲೂ ಒಳ್ಳೆಯ ಸರ್ಕಾರಿ ಶಾಲೆ ಇವೆ, ಕೆಟ್ಟವೂ ಇವೆ. ಎರಡರ ನಡುವೆ ಒಂದು ಕಿಲೋಮೀಟರು ದೂರ ಮಾತ್ರ ಇರಬಹುದು.

ಪುಸ್ತಕ, ಯೂನಿಫಾರ್ಮು, ಶೂ, ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ಒಪ್ಪಂದ ಆದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ನಗರದ ಬಹಳಷ್ಟು ಶಾಲೆಗಳಿಗೆ ಊಟ ಬರುವುದು ಅಕ್ಷಯ ಪಾತ್ರದ ಅಡುಗೆಮನೆಯಿಂದ. ಅದೂ 2000ದಲ್ಲಿ ಬೆಂಗಳೂರಿನ ಐದು ಶಾಲೆಗಳ 1,500 ಮಕ್ಕಳಿಗೆ ಊಟ ಹಾಕುತ್ತಾ ಶುರುವಾದದ್ದೇ. ಅಂದರೆ ದಾನಿಗಳ ದುಡ್ಡು ಬೇಕು ಅಂತಿದ್ದರೆ ದಾನಿಗಳ ಶಾಲೆಗೇ ಹೋಗಬೇಕು ಅಂತಿಲ್ಲ. ಅದು ಸರ್ಕಾರಿ ಶಾಲೆಯ ತಟ್ಟೆಗೂ ಬಂದು ಬೀಳುತ್ತಿದೆ.

ಇಂಗ್ಲಿಷಿನ ಚಿಂತೆಯಾದರೆ, 2019-20ರಿಂದ ರಾಜ್ಯದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮಾಧ್ಯಮದ ವಿಭಾಗ ಶುರುವಾಯಿತು, ಆಮೇಲೆ ಇನ್ನೂ ಜಾಸ್ತಿಯಾದವು. ಕರ್ನಾಟಕ ಪಬ್ಲಿಕ್ ಸ್ಕೂಲುಗಳಲ್ಲಿ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ.

ಇಲ್ಲಿ ಪೋಷಕರಿಗೆ ಒಂದು ಅಧಿಕಾರ ಇದೆ, ಅದು ಬೇರೆಲ್ಲೂ ಈ ಮಟ್ಟಿಗೆ ಸಿಗುವುದಿಲ್ಲ. ಎಸ್‌ಡಿಎಂಸಿ ಅಂತ ಪೋಷಕರದ್ದೇ ಸಮಿತಿ. ಇಸ್ತ್ರಿ ಗಾಡಿಯಾಕೆಯೂ ಅದರಲ್ಲಿ ಕೂತು 'ಶೌಚಾಲಯಕ್ಕೆ ನೀರು ಯಾಕಿಲ್ಲ' ಅಂತ ಕೇಳಬಹುದು. ಉತ್ತರ ಸಿಗುತ್ತದಾ ಅನ್ನೋದು ಬೇರೆ ಮಾತು.

ಇನ್ನೊಂದು ಲೆಕ್ಕ ಜನಕ್ಕೆ ತಡವಾಗಿ ಗೊತ್ತಾಗುತ್ತದೆ. ಅಜೀಂ ಪ್ರೇಮ್‌ಜಿ ಫೌಂಡೇಷನ್ ಹೆಣ್ಣುಮಕ್ಕಳಿಗೆ ಡಿಗ್ರಿ ಓದಲು ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಷರತ್ತು, ಹತ್ತನೇ ಕ್ಲಾಸು, ಪಿಯುಸಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲಿ ಓದಿರಬೇಕು. ಒಂದರಿಂದ ಹತ್ತು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲೂ ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಶೇ. 5 ಮೀಸಲಾತಿ ಇದೆ. ಎಲ್‌ಕೆಜಿಗೆ ಶಾಲೆ ಹುಡುಕುವಾಗ ಇದು ಯಾರ ತಲೆಗೂ ಹೊಳೆಯುವುದಿಲ್ಲ. ಎಂಟನೇ ಕ್ಲಾಸಿನಲ್ಲಾದರೂ ಹೊಳೆಯಲಿ.

ಕೊರತೆ ಏನು? ಮೇಷ್ಟ್ರು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಇರಬೇಕು. ಲೆಕ್ಕದಲ್ಲಿ ಇರುತ್ತಾರೆ. ಆದರೆ ಗಣತಿ, ಚುನಾವಣೆ, ತರಬೇತಿ ಅಂತ ಹೊರಗಿರುತ್ತಾರೆ. ಶಾಲೆ ನೋಡಲು ಹೋಗುವುದಾದರೆ ಪ್ರವೇಶದ ಸಮಯದಲ್ಲಿ ಬೇಡ. ಸೆಪ್ಟೆಂಬರಿನ ಒಂದು ಮಾಮೂಲಿ ಬುಧವಾರ ಹನ್ನೊಂದು ಗಂಟೆಗೆ ಹೋಗಿ. ಎಷ್ಟು ಕೋಣೆಯಲ್ಲಿ ಮೇಷ್ಟ್ರ ಧ್ವನಿ ಕೇಳುತ್ತದೆ ಅಂತ ಎಣಿಸಿ.

ಫೀಸಿನ ಶಾಲೆ, ಆರ್‌ಟಿಇ ಸೀಟು

ಫೀಸಿನ ಟ್ರಸ್ಟ್ ಶಾಲೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅವು ತಮ್ಮ ಬಗ್ಗೆ ತಾವೇ ಫ್ಲೆಕ್ಸಿನಲ್ಲಿ ಬೇಕಾದಷ್ಟು ಹೇಳಿಕೊಂಡಿವೆ. ಒಂದೇ ಮಾತು. ಮೊದಲ ವರ್ಷದ ಫೀಸು ನೋಡಬೇಡಿ, ಅದೇ ಶಾಲೆಯ ಎಂಟನೇ ಕ್ಲಾಸಿನ ಮಗುವಿನ ತಾಯಿಯನ್ನು ಗೇಟಿನ ಹತ್ತಿರ ಹಿಡಿದು ಈ ವರ್ಷ ಎಷ್ಟು ಕಟ್ಟಿದಿರಿ ಅಂತ ಕೇಳಿ. ನಮ್ಮ ದುಡಿಮೆ ಆ ವೇಗದಲ್ಲಿ ಏರದಿದ್ದರೆ ಆರನೇ ಕ್ಲಾಸಿನಲ್ಲಿ ಮಗುವನ್ನು ಬಿಡಿಸಬೇಕಾಗುತ್ತದೆ. ಮೊದಲೇ ಸೇರಿಸದೆ ಇರುವುದಕ್ಕಿಂತ ಅದರ ನೋವು ದೊಡ್ಡದು.

ಡೊನೇಷನ್ ಕೇಳಿದರೆ ಅದು ಕಾನೂನುಬಾಹಿರ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಪಡೆದದ್ದರ ಹತ್ತು ಪಟ್ಟಿನವರೆಗೆ ದಂಡ ಹಾಕಬಹುದು. ಮಗುವಿಗೂ ಪೋಷಕರಿಗೂ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಮಾಡುತ್ತಾರೆ, 'ಸುಮ್ನೆ ಮಾತಾಡ್ಸೋಣ ಅಂತ' ಅನ್ನುತ್ತಾರೆ.

ಇದೇ ಕಾಯ್ದೆಯ (ಆರ್‌ಟಿಇ) ಪ್ರಕಾರ ಖಾಸಗಿ ಶಾಲೆಗಳು ಬಡವರ ಮಕ್ಕಳಿಗೆ ಉಚಿತವಾಗಿ ಬಿಡಬೇಕಾದ ಶೇ. 25ರ ಸೀಟು ಕರ್ನಾಟಕದಲ್ಲಿ 2012-13ರಿಂದ ಸಿಗತೊಡಗಿತು. ಆದರೆ 2019ರಿಂದ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಈ ಸೀಟು ಇಲ್ಲ. ಹೈಕೋರ್ಟೂ ಅದನ್ನು ಎತ್ತಿಹಿಡಿಯಿತು. ನಗರದಲ್ಲಿ ಅಂಥ ಸೀಟು ಈಗ ಲಾಟರಿ ಹೊಡೆದ ಹಾಗೆ. ಹೊಡೆದರೂ ಎಂಟನೇ ಕ್ಲಾಸಿನವರೆಗೆ ಮಾತ್ರ. ಒಂಬತ್ತಕ್ಕೆ ಬಂದ ಕೂಡಲೇ ಪೂರ್ತಿ ಫೀಸು. ಎಂಟು ವರ್ಷ ಉಚಿತವಾಗಿ ಓದಿದ ಹುಡುಗನ ಅಪ್ಪ ಒಂಬತ್ತನೇ ಕ್ಲಾಸಿಗೆ ಕೈಸಾಲ ಮಾಡಿದ್ದನ್ನು ನಾನೇ ನೋಡಿದ್ದೇನೆ.

ಆರನೇ ಕ್ಲಾಸಿಗೆ ಬರುವವರಿಗೆ ಇನ್ನೊಂದು ದಾರಿ ಇದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿಗೆ ಪ್ರವೇಶ ಪರೀಕ್ಷೆ ಇರುತ್ತದೆ, ಊಟ-ವಸತಿ ಎಲ್ಲ ಸರ್ಕಾರದ್ದೇ. ನವೋದಯ ವಿದ್ಯಾಲಯವೂ ಆರನೇ ಕ್ಲಾಸಿಗೇ ತೆಗೆದುಕೊಳ್ಳುತ್ತದೆ. ಆದರೆ ಅಲ್ಲಿ ಕಡೇಪಕ್ಷ ಶೇ. 75 ಸೀಟು ಹಳ್ಳಿಯ ಮಕ್ಕಳಿಗೆ. ಪೇಟೆಯ ಹುಡುಗನಿಗೆ ಉಳಿಯುವುದು ಸ್ವಲ್ಪ.

ಭಾಷೆ ಮತ್ತು ದಾರಿ

ಮಾಧ್ಯಮದ ಜಗಳಕ್ಕೆ ಇಲ್ಲಿ ಇಳಿಯುವುದಿಲ್ಲ. ಮಗು ಯಾವ ಮಾಧ್ಯಮದಲ್ಲಿ ಓದಬೇಕು ಅನ್ನುವುದು ಪೋಷಕರ ಆಯ್ಕೆ ಅಂತ 2014ರಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ಕನ್ನಡವನ್ನು ಭಾಷೆಯಾಗಿ ಕಲಿಸುವುದಂತೂ 2015ರ ಕಾಯ್ದೆಯಿಂದ ಎಲ್ಲ ಪಠ್ಯಕ್ರಮದ ಶಾಲೆಗಳಿಗೂ ಕಡ್ಡಾಯ. ನಾನು ಕೇಳುವುದು ಬೇರೆ. ಸಂಜೆ ಮನೆಯಲ್ಲಿ ಹೋಂವರ್ಕ್ ನೋಡುವವರು ಯಾರು? ಅಮ್ಮನಿಗೆ ಡೈರಿ ಓದಲು ಬಾರದ ಮನೆಯಲ್ಲಿ ಇಂಗ್ಲಿಷ್ ಶಾಲೆಯ ಫೀಸಿನ ಮೇಲೆ ಟ್ಯೂಷನ್ ಫೀಸೂ ಸೇರುತ್ತದೆ. ಸಂಜೆ ಮಕ್ಕಳನ್ನು ಕೂರಿಸಿ ಓದಿಸುವ ಶಾಲೆಯಾದರೆ ಆ ತೊಂದರೆ ಇಲ್ಲ.

ದೂರವನ್ನು ನಕ್ಷೆಯಲ್ಲಿ ಅಳೆಯಬೇಡಿ. ಹನುಮಂತನಗರದಿಂದ ಜಯನಗರ ಹತ್ತಿರವೇ. ಆದರೆ ಆರು ವರ್ಷದ ಮಗುವನ್ನು ಎರಡು ಬಸ್ಸು ಬದಲಾಯಿಸಿ ಬಿಟ್ಟು, ಮತ್ತೆ ವಾಪಸ್ ಬಂದು ಗಾಡಿ ತೆರೆಯುವಷ್ಟರಲ್ಲಿ ಆಫೀಸಿಗೆ ಹೋಗುವವರ ಶರ್ಟುಗಳೆಲ್ಲ ಬೇರೆ ಅಂಗಡಿಗೆ ಹೋಗಿರುತ್ತವೆ. ಉಚಿತ ಶಾಲೆಗೂ ಹೀಗೆ ಒಂದು ಫೀಸು ಇರುತ್ತದೆ. ಶಾಲೆ ಬೆಳಿಗ್ಗೆ ಎಷ್ಟಕ್ಕೆ, ಸಂಜೆ ಎಷ್ಟಕ್ಕೆ, ರಜೆ ದಿನ ಮಗು ಎಲ್ಲಿ, ಇದನ್ನೆಲ್ಲ ದುಡಿಯುವ ತಾಯಿ ಮೊದಲೇ ಲೆಕ್ಕ ಹಾಕಬೇಕು.

ಕಾಗದ

ಯಾವ ಶಾಲೆಯಾದರೂ ಯುಡೈಸ್ ನಂಬರು ಕೇಳಿ, ಅದು ಸರ್ಕಾರದ ಲೆಕ್ಕದಲ್ಲಿ ಆ ಶಾಲೆಯ ಗುರುತಿನ ನಂಬರು. 11 ಅಂಕಿ, ಕರ್ನಾಟಕದ್ದು 29ರಿಂದ ಶುರುವಾಗುತ್ತದೆ. ಕೊಡಲು ತಡವರಿಸಿದರೆ ಅಲ್ಲಿಗೇ ಮುಗಿಯಿತು. ಯಾವ ಪಠ್ಯಕ್ರಮ, ಎಷ್ಟನೇ ಕ್ಲಾಸಿನವರೆಗೆ ಮಾನ್ಯತೆ ಅಂತ ಬರೆದದ್ದನ್ನೇ ನೋಡಿ. ರಾಜ್ಯದ ಮಾನ್ಯತೆ ಇಟ್ಟುಕೊಂಡು ಸಿಬಿಎಸ್‌ಇ ಅಂತ ಫೀಸು ವಸೂಲಿ ಮಾಡಿದ ಶಾಲೆಗಳ ಗಲಾಟೆ 2023ರಲ್ಲಿ ಇದೇ ಊರಿನಲ್ಲಿ ನಡೆದಿದೆ. ಜನನ ಪ್ರಮಾಣಪತ್ರ ಇಲ್ಲ ಅಂತ ಸೀಟು ನಿರಾಕರಿಸುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಆದರೂ ಮಾಡಿಸಿಟ್ಟುಕೊಳ್ಳಿ, ವಾದ ಮಾಡುವುದಕ್ಕಿಂತ ಅದು ಸಲೀಸು. ಟಿಸಿ ತರುವಾಗ ಅದರಲ್ಲಿ ಮಗುವಿನ ಸ್ಯಾಟ್ಸ್ ನಂಬರು, ಅಂದರೆ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಆ ಮಗುವಿನ ಗುರುತಿನ ನಂಬರು, ಇದೆಯಾ ನೋಡಿಕೊಳ್ಳಿ.

ಇಷ್ಟೆಲ್ಲ ಆದ ಮೇಲೆ ಇಸ್ತ್ರಿ ಗಾಡಿಯಾಕೆ ಏನು ಮಾಡಿದಳು ಅಂದರೆ, ಮಗಳನ್ನು ಮನೆ ಹತ್ತಿರದ ಸರ್ಕಾರಿ ಶಾಲೆಯ ಇಂಗ್ಲಿಷ್ ವಿಭಾಗಕ್ಕೆ ಸೇರಿಸಿದಳು. ದಾನಿಗಳ ಶಾಲೆಯೊಂದಕ್ಕೆ ಅರ್ಜಿ ಹಾಕಲು ಹೋಗಿದ್ದಳು, ಎಲ್‌ಕೆಜಿಗೇ ಬರಬೇಕಿತ್ತು ಅಂದರಂತೆ. ಅದಕ್ಕೆ ಈಗ ತನ್ನ ಗಾಡಿಗೆ ಬರುವ ಚಿಕ್ಕ ಮಕ್ಕಳ ತಾಯಂದಿರಿಗೆಲ್ಲ 'ಮೂರು ತುಂಬ್ತಿದ್ದಂಗೆ ಹೋಗಿ ಕೇಳಿ' ಅಂತ ಹೇಳುತ್ತಿರುತ್ತಾಳೆ. ಮಗನಿಗೆ ಅನುದಾನಿತ ಶಾಲೆಯ ಕನ್ನಡ ವಿಭಾಗ ಸಿಕ್ಕಿತು, ಆ ಆಯಾ ಹೇಳಿದ ಕಡೆಯೇ. ಗಣಿತಕ್ಕೆ ಕಾಯಂ ಮೇಷ್ಟ್ರು ಇದ್ದಾರೆ, ಇನ್ನೂ ಏಳು ವರ್ಷ ಸರ್ವಿಸ್ ಇದೆಯಂತೆ. ಅದನ್ನೂ ಕೇಳಿಕೊಂಡೇ ಬಂದಿದ್ದಳು. ಮೊರಾರ್ಜಿ ಪರೀಕ್ಷೆಗೆ ತಡವಾಗಿತ್ತು.

ಹೋದ ವಾರ ಬಟ್ಟೆ ಗಂಟು ಬಿಚ್ಚಿದರೆ ಮಡಿಸಿದ ಎರಡು ಸೀರೆಗಳ ನಡುವೆ ಒಂದು ಝೆರಾಕ್ಸ್ ಇತ್ತು. ಎಸ್‌ಡಿಎಂಸಿ ಸಭೆಯ ನೋಟಿಸು. ಹಿಂದೆ ಪೆನ್ಸಿಲಿನಲ್ಲಿ, ಮಗನ ಕೈಬರಹದಲ್ಲಿ: 'ಮೇಡಂ, ಇದಕ್ಕೆ ಹೋಗ್ಬೇಕಾ? ಅಮ್ಮ ಕೇಳ್ತಿದ್ದಾರೆ.'